ಹಳಿಯಿಂದ ಟ್ಯಾಂಕಿಗೆ: ಕೊಪ್ಪಳ ಸೀಮೆಯ ರೈಲುಗಳಲ್ಲಿ ಶೌಚವ್ಯವಸ್ಥೆಯ ಇತಿಹಾಸ

ಕೊಪ್ಪಳ ಜಿಲ್ಲೆಯ ರೈಲುಮಾರ್ಗಗಳು ಎರಡು ಬೇರೆ ಬೇರೆ ಕಾಲಗಳಿಗೆ ಸೇರಿದವು. ಹುಬ್ಬಳ್ಳಿ–ಗುಂತಕಲ್ ಮಾರ್ಗದ ಭಾಗವಾಗಿ ಭಾನಾಪುರ, ಕೊಪ್ಪಳ, ಗಿಣಿಗೇರಾ ಮತ್ತು ಮುನಿರಾಬಾದುಗಳನ್ನು ಹಾದು ತುಂಗಭದ್ರೆಯನ್ನು ದಾಟುವ ಹಳಿ 1880ರ ದಶಕದ್ದಾದರೆ, ಗಂಗಾವತಿಗೆ ರೈಲು ಬಂದುದು 2019ರಲ್ಲಿ, ಯಲಬುರ್ಗಾ ಮತ್ತು ಕುಷ್ಟಗಿಗಳಿಗೆ 2025ರ ಮೇ ತಿಂಗಳಿನಲ್ಲಿ. ಈ ದೀರ್ಘ ಅಂತರದಲ್ಲಿ ಎಂಜಿನ್ನು, ಹಳಿಗಳ ಅಗಲ, ಆಡಳಿತ ಎಲ್ಲವೂ ಬದಲಾದವು. ಅವುಗಳಷ್ಟು ಗಮನ ಸೆಳೆಯದ ಇನ್ನೊಂದು ಬದಲಾವಣೆಯೆಂದರೆ, ಚಲಿಸುವ ಬೋಗಿಯಲ್ಲಿ ಉಂಟಾಗುವ ಮಲಮೂತ್ರವನ್ನು ಎಲ್ಲಿ ಬಿಡಬೇಕು, ಅದನ್ನು ಯಾರು ಎತ್ತಬೇಕು ಎಂಬ ಪ್ರಶ್ನೆಗೆ ರೈಲ್ವೆ ಕಂಡುಕೊಂಡ ಉತ್ತರ.

1876–78ರ ಧಾತು ಬರದ ಅನುಭವವು ಒಣ ಸೀಮೆಗಳಿಗೆ ಧಾನ್ಯ ಸಾಗಿಸುವ ಮಾರ್ಗಗಳ ಅಗತ್ಯವನ್ನು ಬ್ರಿಟಿಷ್ ಸರ್ಕಾರಕ್ಕೆ ಮನಗಾಣಿಸಿತು. 1882ರಲ್ಲಿ ರೂಪುಗೊಂಡ ಸದರ್ನ್ ಮರಾಠಾ ರೈಲ್ವೆ ಕಂಪನಿಯು ಈ ಭಾಗದಲ್ಲಿ ಮೀಟರ್‌ಗೇಜ್ ಮಾರ್ಗವನ್ನು, ಅಂದರೆ ಎರಡು ಹಳಿಗಳ ನಡುವೆ ಒಂದು ಮೀಟರ್ ಅಂತರವಿರುವ ಮಾರ್ಗವನ್ನು ಹಾಕಿತು. ಆಗ ಕೊಪ್ಪಳವು ನಿಜಾಮನ ರಾಜ್ಯದೊಳಗೆ ಸಾಲಾರ್‌ಜಂಗ್ ಮನೆತನದ ಜಹಗೀರಾಗಿತ್ತು. ಆರಂಭದ ದಶಕಗಳಲ್ಲಿ ಭಾರತದ ರೈಲುಗಳ ಕೆಳದರ್ಜೆಯ ಬೋಗಿಗಳಲ್ಲಿ ಶೌಚಾಲಯವೇ ಇರಲಿಲ್ಲವಾದ್ದರಿಂದ, ಎಂಜಿನ್ನಿಗೆ ನೀರು ತುಂಬಿಸಲು ಗಾಡಿ ನಿಂತಾಗ ಪ್ರಯಾಣಿಕರು ಇಳಿದು ಹೋಗಿ, ಅದು ಹೊರಡುವ ಮೊದಲು ಮರಳಬೇಕಾಗಿತ್ತು. ಹೀಗೆ ಇಳಿದು ರೈಲು ತಪ್ಪಿಸಿಕೊಂಡ ಓಖಿಲ್ ಚಂದ್ರ ಸೇನ್ ಎಂಬುವರು 1909ರಲ್ಲಿ ಬಂಗಾಳದ ಅಹಮದ್‌ಪುರ ನಿಲ್ದಾಣದ ಪ್ರಸಂಗವನ್ನು ವಿವರಿಸಿ ಬರೆದ ದೂರುಪತ್ರವು ದೆಹಲಿಯ ರೈಲು ವಸ್ತುಸಂಗ್ರಹಾಲಯದ ಮೂಲಕ ಪ್ರಸಿದ್ಧವಾಗಿದೆ. ಶೌಚಾಲಯಗಳು ಬಂದ ಬಳಿಕವೂ ಅವುಗಳ ಸ್ಥಿತಿ ಹೇಗಿತ್ತೆಂಬುದನ್ನು ಗಾಂಧೀಜಿಯವರು 1917ರಲ್ಲಿ ಮೂರನೆಯ ದರ್ಜೆಯ ಪ್ರಯಾಣದ ಬಗ್ಗೆ ಬರೆದ ಲೇಖನ ತಿಳಿಸುತ್ತದೆ. ಅದರಲ್ಲಿ ಅವರು ವರ್ಣಿಸಿದ ಮುಂಬಯಿ–ಮದ್ರಾಸ್ ಪ್ರಯಾಣವು, ಮುಂದೆ ಬಹುಕಾಲ ಕೊಪ್ಪಳ ಸೀಮೆಯ ತಾಲ್ಲೂಕುಗಳ ಜಿಲ್ಲಾ ಕೇಂದ್ರವಾಗಿದ್ದ ರಾಯಚೂರಿನ ಮೂಲಕವೇ ಸಾಗಿತ್ತು.

ಅಂದಿನ ಶೌಚಾಲಯದ ರಚನೆ ತೀರ ಸರಳವಾದುದು. ನೆಲಮಟ್ಟದ ಕುಳಿಯಿಂದ ಗಿಡ್ಡದೊಂದು ಕೊಳವೆ ನೇರವಾಗಿ ಹಳಿಯ ಕಡೆಗೆ ಇಳಿಯುತ್ತಿತ್ತು. ಟ್ಯಾಂಕಾಗಲಿ ವಾಲ್ವ್ ಆಗಲಿ ಇರಲಿಲ್ಲ. ಗಾಡಿ ನಿಂತಿರುವಾಗ ಶೌಚಾಲಯವನ್ನು ಬಳಸಬಾರದೆಂಬ ಬೋಗಿಯೊಳಗಿನ ಫಲಕವೊಂದೇ ಆ ವ್ಯವಸ್ಥೆಯಲ್ಲಿದ್ದ ನಿಯಂತ್ರಣ, ಮತ್ತು ಅದು ಪೂರ್ತಿಯಾಗಿ ಪ್ರಯಾಣಿಕನ ಮರ್ಜಿಗೆ ಬಿಟ್ಟದ್ದು. ಅದರ ಫಲವನ್ನು ಉಂಡವರು ಇಬ್ಬರು: ಹಳಿಯ ಮೇಲೆ ನಡೆದು ಬೋಲ್ಟು, ಕೀಲಿಗಳನ್ನು ಪರೀಕ್ಷಿಸುವ ಗ್ಯಾಂಗ್‌ಮನ್‌ಗಳು, ಮತ್ತು ನಿಲ್ದಾಣಗಳ ಹಳಿಗಳನ್ನು ಗುಡಿಸಿ ತೊಳೆಯುವ, ಬಹುಪಾಲು ದಲಿತ ಸಮುದಾಯಗಳಿಗೆ ಸೇರಿದ ಸಫಾಯಿ ಕಾರ್ಮಿಕರು. ಮಲದ ತೇವವು ಹಳಿಯನ್ನೂ ಅದನ್ನು ಹಿಡಿದಿಡುವ ಕಬ್ಬಿಣದ ಬೋಲ್ಟು, ಕೀಲಿಗಳನ್ನೂ ತುಕ್ಕು ಹಿಡಿಸುವುದರಿಂದ ಇದು ಸುರಕ್ಷತೆಯ ಪ್ರಶ್ನೆಯೂ ಆಗಿತ್ತು. ಅನಿಲ್ ಕಾಕೋಡ್ಕರ್ ನೇತೃತ್ವದ ರೈಲ್ವೆ ಸುರಕ್ಷತಾ ಸಮಿತಿಯು 2012ರ ವರದಿಯಲ್ಲಿ ಹಳಿಯ ಮೇಲೆ ಮಲ ಬಿಡುವ ಪದ್ಧತಿಯನ್ನು ಕೈಬಿಡುವಂತೆ ಸೂಚಿಸಿತು.

ಕರ್ನಾಟಕದಲ್ಲಿ ತಲೆಯ ಮೇಲೆ ಮಲ ಹೊರುವ ಪದ್ಧತಿಯನ್ನು 1970ರ ದಶಕದಲ್ಲಿ, ದೇವರಾಜ ಅರಸು ಸರ್ಕಾರದ ಸಚಿವರಾಗಿದ್ದ ಬಿ. ಬಸವಲಿಂಗಪ್ಪನವರು ನಿಷೇಧಿಸಿದರು. ಆದರೆ ಕೇಂದ್ರ ಸರ್ಕಾರದ ಅಧೀನದಲ್ಲಿದ್ದ ರೈಲು ಹಳಿಗಳು ಈ ಸುಧಾರಣೆಯ ಆಚೆಗೇ ಉಳಿದವು. ಕೋಲಾರ ಚಿನ್ನದ ಗಣಿಯಲ್ಲಿ ಹುಟ್ಟಿ ಬೆಳೆದ ಬೆಜವಾಡ ವಿಲ್ಸನ್ ಮೊದಲಾದವರು ಕಟ್ಟಿದ ಸಫಾಯಿ ಕರ್ಮಚಾರಿ ಆಂದೋಲನವು ವರ್ಷಗಟ್ಟಲೆ ಹೋರಾಡಿದ ಮೇಲೆ ಬಂದ 2013ರ ಕಾಯ್ದೆಯು, ಕೈಯಿಂದ ಮಲ ಎತ್ತುವ ಕೆಲಸದ ವ್ಯಾಖ್ಯೆಯೊಳಗೆ ರೈಲು ಹಳಿಯನ್ನು ಹೆಸರಿಸಿಯೇ ಸೇರಿಸಿತು. ರಕ್ಷಣಾ ಸಾಧನಗಳನ್ನು ಕೊಟ್ಟು ಮಾಡಿಸಿದ ಕೆಲಸವನ್ನು ಅದೇ ವ್ಯಾಖ್ಯೆಯಿಂದ ಹೊರಗಿಟ್ಟುದರಿಂದ ಕಾಯ್ದೆಯ ಬಲ ಒಂದಿಷ್ಟು ಕುಂದಿತಾದರೂ, ಹಳಿಗೆ ಮಲ ಬೀಳದಂತೆ ಮಾಡುವುದೇ ಉಳಿದ ದಾರಿಯೆಂಬುದು ಸ್ಪಷ್ಟವಾಯಿತು.

ವಾಹನದಲ್ಲಿಯೇ ಕೊಳಚೆಯನ್ನು ಹಿಡಿದಿಡುವ ಕ್ರಮ ಹೊರದೇಶಗಳಲ್ಲಿ ಹೊಸದೇನಲ್ಲ. ಅಮೆರಿಕದಲ್ಲಿ ಕಾರಿನ ಹಿಂದೆ ಕಟ್ಟಿ ಎಳೆಯುವ ವಾಸದ ಗಾಡಿಗಳ ತಳದಲ್ಲಿ, ಸಿಂಕು ಮತ್ತು ಸ್ನಾನದ ನೀರಿಗೆ ಒಂದು, ಮಲಮೂತ್ರಕ್ಕೆ ಇನ್ನೊಂದು ಎಂಬಂತೆ ಸಾಮಾನ್ಯವಾಗಿ ಎರಡು ಟ್ಯಾಂಕುಗಳಿದ್ದು, ಪ್ರತಿಯೊಂದಕ್ಕೂ ಹಿಡಿ ಎಳೆದು ತೆರೆಯುವ ವಾಲ್ವ್ ಇರುತ್ತದೆ. ನಿಗದಿತ ತಾಣದಲ್ಲಿ ಮೊದಲು ಮಲದ ಟ್ಯಾಂಕನ್ನು ಬಿಟ್ಟು, ಆಮೇಲೆ ಸ್ನಾನದ ನೀರನ್ನು ಹರಿಸಿ ಅದರಿಂದಲೇ ಕೊಳವೆಯನ್ನು ತೊಳೆಯುವುದು ರೂಢಿ. ಒಂದು ಕುಟುಂಬಕ್ಕೆ ಸಾಲುವ ಈ ಕ್ರಮವು, ನೂರಾರು ಜನರನ್ನು ಹೊತ್ತು ಒಂದೆರಡು ದಿನ ಓಡುವ, ದಾರಿಯಲ್ಲಿ ಟ್ಯಾಂಕು ಖಾಲಿ ಮಾಡುವ ಏರ್ಪಾಡಿಲ್ಲದ ಭಾರತೀಯ ರೈಲಿಗೆ ಹೊಂದುವಂತಿರಲಿಲ್ಲ. ಆದ್ದರಿಂದ ರೈಲ್ವೆಯು ಮೊದಲಿಗೆ ಕೆಲವು ಬೋಗಿಗಳಲ್ಲಿ ಮಧ್ಯಮ ಮಾರ್ಗವೊಂದನ್ನು ಹಿಡಿಯಿತು: ಮಲವನ್ನು ಸಣ್ಣ ತೊಟ್ಟಿಯಲ್ಲಿ ತಡೆದು, ಗಾಡಿಯ ವೇಗ ಗಂಟೆಗೆ 30 ಕಿ.ಮೀ. ದಾಟಿದ ಮೇಲಷ್ಟೇ ವಾಲ್ವ್ ತೆರೆದುಕೊಳ್ಳುವಂತೆ ಮಾಡಲಾಯಿತು. ಇದರಿಂದ ನಿಲ್ದಾಣಗಳು ಶುಚಿಯಾದವು. ಊರಾಚೆಯ ಹಳಿಯೂ ಅಲ್ಲಿ ದುಡಿಯುವ ಗ್ಯಾಂಗ್‌ಮನ್ನನ ಪಾಡೂ ಮೊದಲಿನಂತೆಯೇ ಉಳಿದವು.

ಪರಿಹಾರ ದೊರೆತದ್ದು ಸೈನ್ಯದ ಅಗತ್ಯದಿಂದ. ಹಿಮಪ್ರದೇಶದ ಶಿಬಿರಗಳಲ್ಲಿ ಮಲ ಕರಗದೆ ಉಳಿಯುವ ತೊಂದರೆಯನ್ನು ನೀಗಲು ರಕ್ಷಣಾ ಸಂಶೋಧನಾ ಸಂಸ್ಥೆಯ ಗ್ವಾಲಿಯರ್ ಪ್ರಯೋಗಾಲಯವು, ಗಾಳಿಯಿಲ್ಲದೆ ಬದುಕಿ ಮಲವನ್ನು ಜೀರ್ಣಿಸಿಕೊಳ್ಳುವ ಸೂಕ್ಷ್ಮಾಣುಗಳ ಸಮೂಹವನ್ನು ಬೆಳೆಸಿತ್ತು. ಅದನ್ನು ಬೋಗಿಗೆ ಅಳವಡಿಸಿದ ಬಯೋ ಟಾಯ್ಲೆಟ್ 2011ರ ಆರಂಭದಲ್ಲಿ ಗ್ವಾಲಿಯರ್–ವಾರಾಣಸಿ ನಡುವಿನ ಬುಂದೇಲಖಂಡ ಎಕ್ಸ್‌ಪ್ರೆಸ್ಸಿನಲ್ಲಿ ಬಳಕೆಗೆ ಬಂದಿತು. ಶೌಚಾಲಯದ ಕೆಳಗೆ ತೂಗುವ ಸ್ಟೀಲಿನ ಟ್ಯಾಂಕಿನೊಳಗೆ ಅಡ್ಡಗೋಡೆಗಳಿಂದಾದ ಕೋಣೆಗಳಿದ್ದು, ಮಲವು ಒಂದರಿಂದ ಇನ್ನೊಂದಕ್ಕೆ ಸರಿಯುತ್ತ ಹೋದಂತೆ ಸೂಕ್ಷ್ಮಾಣುಗಳು ಅದನ್ನು ನೀರಾಗಿಯೂ, ಮೀಥೇನ್ ಮತ್ತು ಇಂಗಾಲದ ಡೈಆಕ್ಸೈಡುಗಳಾಗಿಯೂ ಒಡೆಯುತ್ತವೆ. ಉಳಿದ ನೀರು ಕ್ಲೋರಿನ್ ತಗುಲಿದ ಬಳಿಕ ಹೊರಬೀಳುತ್ತದೆ. ಆನೆಗುಂದಿ, ಗಂಗಾವತಿಗಳ ನೀರಾವರಿಯನ್ನು ಬಲ್ಲವರಿಗೆ ಇದರ ತತ್ವ ಅಪರಿಚಿತವಲ್ಲ: ಕೆರೆ ತುಂಬಿದಾಗ ಹೆಚ್ಚಿನ ನೀರು ಕೋಡಿಯಲ್ಲಿ ತಾನಾಗಿ ಹರಿಯುವಂತೆ ಸಂಸ್ಕರಿಸಿದ ನೀರು ಇಲ್ಲಿ ಹೊರಹೋಗುತ್ತದೆ, ತೂಬನ್ನು ಮನುಷ್ಯನೇ ಎತ್ತಬೇಕಾದಂತೆ ಕಸ ಕಟ್ಟಿಕೊಂಡಾಗ ವಾಲ್ವನ್ನು ಕೆಲಸಗಾರನೇ ತೆರೆಯಬೇಕಾಗುತ್ತದೆ. ಆದರೆ ಕೈತೊಳೆಯುವ ಬೇಸಿನ್ನಿನ ನೀರಿಗೆ ವಾಸದ ಗಾಡಿಯಲ್ಲಿರುವಂತಹ ಬೇರೆ ಟ್ಯಾಂಕು ಇಲ್ಲ.

ವ್ಯವಸ್ಥೆಯ ದೌರ್ಬಲ್ಯವೂ ಈ ವಾಲ್ವಿನ ಬಳಿಯೇ ಕಾಣಿಸಿಕೊಂಡಿತು. ನೀರಿನ ಬಾಟಲಿ, ಗುಟ್ಕಾ ಚೀಟಿ, ಬಟ್ಟೆಯ ತುಂಡುಗಳನ್ನು ಹಳೆಯ ಕೊಳವೆ ಹಳಿಗೆ ಬೀಳಿಸಿಬಿಡುತ್ತಿತ್ತು. ಟ್ಯಾಂಕು ಅವುಗಳನ್ನು ಜೀರ್ಣಿಸಿಕೊಳ್ಳಲಾರದೆ ಕಟ್ಟಿಕೊಳ್ಳುತ್ತದೆ. ಮಹಾಲೇಖಪಾಲರ 2017ರ ವರದಿಯು, ಪರಿಶೀಲಿಸಿದ 25,000ಕ್ಕೂ ಹೆಚ್ಚು ಬಯೋ ಟಾಯ್ಲೆಟ್‌ಗಳಲ್ಲಿ ಒಂದೇ ವರ್ಷ ಸುಮಾರು 2 ಲಕ್ಷ ದೂರುಗಳಿದ್ದವೆಂದೂ, ಕಟ್ಟಿಕೊಳ್ಳುವುದೇ ಅವುಗಳಲ್ಲಿ ಮುಖ್ಯವೆಂದೂ ಹೇಳಿತು. ಹೀಗಿದ್ದರೂ ಅಳವಡಿಕೆ ನಿಲ್ಲದೆ, 2020ರ ಹೊತ್ತಿಗೆ ದೇಶದ ಬಹುತೇಕ ಎಲ್ಲ ಬೋಗಿಗಳಿಗೂ ಟ್ಯಾಂಕು ಬಂದಿತ್ತು.

ಕೊಪ್ಪಳ ಸೀಮೆಯ ಹೊಸ ಮಾರ್ಗಗಳು ತೆರೆದದ್ದು ಈ ಪರಿವರ್ತನೆ ಮುಗಿಯುವ ಹೊತ್ತಿನಲ್ಲಿ ಮತ್ತು ಆಮೇಲೆ. ಗಿಣಿಗೇರಾದಿಂದ ಕವಲೊಡೆದು ಮಹಬೂಬನಗರದತ್ತ ಸಾಗುವ ಮಾರ್ಗಕ್ಕೆ 1997–98ರಲ್ಲಿ, ಅಂದರೆ ಕೊಪ್ಪಳವು ರಾಯಚೂರಿನಿಂದ ಬೇರ್ಪಟ್ಟು ಜಿಲ್ಲೆಯಾದ ಹೊತ್ತಿನಲ್ಲಿಯೇ ಮಂಜೂರಾತಿ ದೊರೆತರೂ ಗಂಗಾವತಿ ಎರಡು ದಶಕ ಕಾಯಬೇಕಾಯಿತು. ತಳಕಲ್ಲಿನಿಂದ ಕುಕನೂರು, ಯಲಬುರ್ಗಾಗಳ ಮೂಲಕ ಕುಷ್ಟಗಿ ಮುಟ್ಟುವ ಹಳಿ, 2013–14ರಲ್ಲಿ ಮಂಜೂರಾದ ಗದಗ–ವಾಡಿ ಮಾರ್ಗದ ಭಾಗ. ಆ ವಿಳಂಬದಿಂದಾದ ನಷ್ಟ ದೊಡ್ಡದು, ಆದರೆ ಕೊಪ್ಪಳದ ಹಳಿ ನೂರು ವರ್ಷಕ್ಕೂ ಮಿಕ್ಕಿ ಹೊತ್ತ ಹೊಲಸನ್ನು ಕುಷ್ಟಗಿಯ ಹಳಿ ಹೊರಬೇಕಾಗಿ ಬರಲಿಲ್ಲ. ಹಾಗೆಂದು ಟ್ಯಾಂಕು ಕೆಲಸವನ್ನು ಇಲ್ಲವಾಗಿಸಿತೆಂದು ತಿಳಿಯುವಂತಿಲ್ಲ; ಊರೂರಿನ ಹಳಿಗಳ ಮೇಲೆ ಹರಡಿಕೊಂಡಿದ್ದ ಕೆಲಸವನ್ನು ಅದು ಬೋಗಿಗಳನ್ನು ತೊಳೆದು ದುರಸ್ತಿ ಮಾಡುವ ಡಿಪೋಗಳಿಗೆ ಸಾಗಿಸಿತು. ಅಲ್ಲಿ ಕಟ್ಟಿಕೊಂಡ ಟ್ಯಾಂಕಿನ ವಾಲ್ವನ್ನು ತೆರೆಯುವವನಿಗೆ ಯಂತ್ರ, ಕೈಗವಸು ಮತ್ತು ಕಾಯಂ ನೌಕರಿ ದೊರೆಯುವವರೆಗೆ, 2013ರ ಕಾಯ್ದೆ ಹಳಿಯನ್ನು ಹೆಸರಿಸಿದ ಉದ್ದೇಶ ಅರ್ಧ ಮಾತ್ರ ಈಡೇರಿದಂತಾಗುತ್ತದೆ.