ಲಾಘವದ ಚರಿತ್ರೆ: ವಾಗ್ಳೆ ಎಸ್ಟೇಟಿನಿಂದ ಒಂದು ನೋಟ

ಠಾಣೆಯ ತೀನ್ ಹಾತ್ ನಾಕಾದಿಂದ ಹೊರಳಿ ವಾಗ್ಳೆ ಎಸ್ಟೇಟನ್ನು ಹೊಕ್ಕವರಿಗೆ ಮೊದಲು ಎದುರಾಗುವುದು ಹೆಸರಿಲ್ಲದ ರಸ್ತೆಗಳು. ರೋಡ್ ನಂ. 16, ರೋಡ್ ನಂ. 22, ರೋಡ್ ನಂ. 33 ಎಂದು ಇಲ್ಲಿ ಸಂಖ್ಯೆಗಳಿಂದಲೇ ವಿಳಾಸ ಹೇಳುತ್ತಾರೆ. ಮಹಾರಾಷ್ಟ್ರ ಕೈಗಾರಿಕಾ ಅಭಿವೃದ್ಧಿ ನಿಗಮ, ಅಂದರೆ ಎಲ್ಲರ ಬಾಯಲ್ಲಿರುವ ಎಂಐಡಿಸಿ, 1962ರ ಆಗಸ್ಟ್ 1ರಂದು ಜನ್ಮತಾಳಿದ್ದು ಮುಖ್ಯಮಂತ್ರಿ ಯಶವಂತರಾವ್ ಚವಾಣರ ಅಧ್ಯಕ್ಷತೆಯಲ್ಲಿ ಇಲ್ಲಿಯೇ ನಡೆದ ಪುಟ್ಟ ಸಮಾರಂಭವೊಂದರಲ್ಲಿ. ಅಂದಿನಿಂದ ಲೇತು, ಪ್ರೆಸ್ಸು, ಅಚ್ಚುಗಳ ಸದ್ದು ಕೇಳಿದ್ದ ಈ ಬೀದಿಗಳಲ್ಲಿ ಇಂದು ಗಾಜಿನ ಐಟಿ ಪಾರ್ಕುಗಳು ನಿಂತಿವೆ. ಹಳೆಯ ಶೆಡ್ಡುಗಳು ಪೂರ್ತಿ ಅಳಿದಿಲ್ಲ; ಒಂದೇ ಚಹದ ಟಪರಿಯ ಮುಂದೆ ಎಣ್ಣೆ ಮೆತ್ತಿದ ಅಂಗಿಯವರೂ ಕೊರಳಿಗೆ ಗುರುತುಪಟ್ಟಿ ಹಾಕಿಕೊಂಡವರೂ ನಿಂತಿರುತ್ತಾರೆ.

ಕಳೆದ ವರ್ಷ ನಮ್ಮ ಬಳಗದ ಮಾಸಿಕ ಸಭೆಗೆ ಕರೆದಾಗ ಆ ಗುರುತುಪಟ್ಟಿಯವರಲ್ಲಿ ಒಬ್ಬ ತರುಣ, ‘ಬರಲಿಕ್ಕಾಗುವುದಿಲ್ಲ ಸರ್, ನಾಳೆ ಸ್ಪ್ರಿಂಟ್ ಮುಗಿಯುತ್ತದೆ’ ಎಂದ. ಓಟದ ಸ್ಪರ್ಧೆ ಇರಬೇಕೆಂದು ಒಂದು ಕ್ಷಣ ಭಾವಿಸಿದ ನಾವು ಆಮೇಲೆ ಕುತೂಹಲದಿಂದ ಕೆದಕುತ್ತಾ ಹೋದೆವು. ಇಂಗ್ಲಿಷ್ ಸಾಹಿತ್ಯವನ್ನು ಓದಿ, ಸರಕಾರಿ ಕಡತಗಳ ನಡುವೆ ನಲವತ್ತು ದಾಟಿದ ನಮಗೆ ಈ ವಿಷಯದಲ್ಲಿ ಅಧಿಕಾರವಾಣಿಯೇನೂ ಇಲ್ಲ. ಆದರೆ ‘ಅಜೈಲ್’ ಎಂದು ಕರೆಸಿಕೊಳ್ಳುವ ಈ ಕಾರ್ಯವಿಧಾನದ ಚರಿತ್ರೆಯು ನಮ್ಮಂಥ ಕಚೇರಿಗಳಿಗೆ ತೀರ ಹತ್ತಿರದ್ದೆಂದು ತಿಳಿದಾಗ ಬರೆಯದೆ ಇರಲಾಗಲಿಲ್ಲ.

ಚರಿತ್ರೆಯ ಆರಂಭ ಒಂದು ಸೋಲಿನಲ್ಲಿದೆ. 1968ರ ಅಕ್ಟೋಬರಿನಲ್ಲಿ ಜರ್ಮನಿಯ ಗಾರ್ಮಿಶ್‌ನಲ್ಲಿ ನೇಟೋ ಪ್ರಾಯೋಜಿಸಿದ ಸಮ್ಮೇಳನವೊಂದು ಕೂಡಿತು. ದೊಡ್ಡ ತಂತ್ರಾಂಶಗಳು ಗಡುವಿನೊಳಗೆ ಮುಗಿಯುತ್ತಿಲ್ಲ, ಮುಗಿದರೂ ಬೇಕಾದಂತೆ ನಡೆಯುತ್ತಿಲ್ಲ ಎಂಬ ಅಳಲು ಅಲ್ಲಿ ‘ತಂತ್ರಾಂಶ ಬಿಕ್ಕಟ್ಟು’ ಎಂಬ ಹೆಸರು ಪಡೆಯಿತು. ಸೇತುವೆ ಕಟ್ಟುವ ಎಂಜಿನಿಯರನಂತೆ ಮೊದಲು ಅಗತ್ಯಗಳ ಪಟ್ಟಿ, ಬಳಿಕ ವಿನ್ಯಾಸ, ಬಳಿಕ ನಿರ್ಮಾಣ, ಕೊನೆಗೆ ಪರೀಕ್ಷೆ, ಹೀಗೆ ಮೆಟ್ಟಿಲು ಮೆಟ್ಟಿಲಾಗಿ ಇಳಿಯಬೇಕೆಂಬುದು ಆ ಕಾಲಕ್ಕೆ ಸಹಜವಾಗಿ ತೋರಿದ ಪರಿಹಾರ. ಇದಕ್ಕೆ ‘ಜಲಪಾತ’ ಪದ್ಧತಿ ಎಂಬ ಹೆಸರು ಅಂಟಿತು. ನೀರು ಮೇಲಕ್ಕೆ ಹರಿಯುವುದಿಲ್ಲವಷ್ಟೆ. ಇಲ್ಲಿಯೂ ಒಮ್ಮೆ ಸಹಿ ಬಿದ್ದ ಮೆಟ್ಟಿಲಿಗೆ ಮರಳುವಂತಿಲ್ಲ.

ಈ ಪದ್ಧತಿಯ ಪಿತೃತ್ವವನ್ನು ವಿನ್‌ಸ್ಟನ್ ರಾಯ್ಸ್ ಎಂಬಾತನ 1970ರ ಪ್ರಬಂಧಕ್ಕೆ ಕಟ್ಟುವುದು ರೂಢಿ. ಆದರೆ ಆ ಪ್ರಬಂಧದಲ್ಲಿ ‘ಜಲಪಾತ’ ಎಂಬ ಪದವೇ ಇಲ್ಲ. ಮೆಟ್ಟಿಲುಗಳ ಚಿತ್ರವನ್ನು ಬರೆದ ರಾಯ್ಸ್ ಅದರ ಕೆಳಗೇ, ಹೀಗೆ ಮಾಡುವುದು ಅಪಾಯಕರ, ಪರೀಕ್ಷೆಯ ಹಂತದಲ್ಲಿ ಎಲ್ಲವೂ ಕುಸಿಯಬಹುದು ಎಂದು ಎಚ್ಚರಿಸಿದ್ದಾನೆ. ಸಾಧ್ಯವಾದರೆ ಒಮ್ಮೆ ಕಟ್ಟಿ ನೋಡಿ, ಕಲಿತು, ಎರಡನೆಯ ಬಾರಿ ಕಟ್ಟಿದ್ದನ್ನೇ ಗ್ರಾಹಕನಿಗೆ ಕೊಡಿ ಎಂದಿದ್ದಾನೆ. ಓದುಗರು ಚಿತ್ರವನ್ನು ಕೊಂಡೊಯ್ದರು, ಎಚ್ಚರಿಕೆಯನ್ನು ಬಿಟ್ಟರು. 1985ರಲ್ಲಿ ಅಮೆರಿಕದ ರಕ್ಷಣಾ ಇಲಾಖೆ ಹೊರಡಿಸಿದ ಮಾನಕವು ಈ ಮೆಟ್ಟಿಲುಗಳನ್ನು ಬಹುಮಟ್ಟಿಗೆ ನಿಯಮವನ್ನಾಗಿಯೇ ಮಾಡಿತು. ಪಠ್ಯವನ್ನು ಓದದೆ ಚಿತ್ರವನ್ನಷ್ಟೇ ನೋಡುವ ಚಾಳಿ ಪರೀಕ್ಷೆ ಬರೆಯುವ ವಿದ್ಯಾರ್ಥಿಗಳದ್ದು ಮಾತ್ರವೆಂದು ನಾವು ತಿಳಿದಿದ್ದೆವು.

ಇಲ್ಲಿ ವಾಗ್ಳೆ ಎಸ್ಟೇಟಿಗೆ ಒಮ್ಮೆ ಮರಳಬೇಕು. ನಮ್ಮ ಚಿಕ್ಕಪ್ಪ ಇಲ್ಲಿನ ವರ್ಕ್‌ಶಾಪೊಂದರಲ್ಲಿ ಲೇತಿನ ಮುಂದೆ ನಿಂತು ಬದುಕು ಸವೆಸಿದವರು. ಐನೂರು ಬುಷ್ಷುಗಳ ಆರ್ಡರು ಬಂದರೆ ಅವರು ಒಮ್ಮೆಗೇ ಐನೂರನ್ನು ತಿರುವಿ ಹಾಕುತ್ತಿರಲಿಲ್ಲ. ಮೊದಲ ಪೀಸ್ ಇಳಿಸಿ, ಅಳತೆ ನೋಡಿಸಿ, ಸಹಿ ಬಿದ್ದ ಮೇಲೆಯೇ ಉಳಿದದ್ದು. ಎಷ್ಟೋ ಸಲ ಮೊದಲ ಪೀಸನ್ನು ಕೈಯಲ್ಲಿ ಹಿಡಿದ ಮೇಲೆಯೇ ಗಿರಾಕಿಗೆ ತನ್ನ ಡ್ರಾಯಿಂಗೇ ತಪ್ಪೆಂದು ಹೊಳೆಯುತ್ತಿತ್ತಂತೆ. ‘ಕಾಗದದ ಮೇಲೆ ಎಲ್ಲವೂ ಕೂಡುತ್ತದೆ ಮಗಾ, ಕಬ್ಬಿಣದಲ್ಲಿ ಕೂಡಬೇಕು’ ಎನ್ನುತ್ತಿದ್ದರು. ಸಾವಿರಾರು ಮೈಲು ದೂರದ ತಂತ್ರಾಂಶ ಪಂಡಿತರು ಮೂರು ದಶಕ ತಡಕಾಡಿ ಮುಟ್ಟಿದ್ದು ಬಹುಮಟ್ಟಿಗೆ ಇದೇ ಮಾತನ್ನು.

ಅವರಿಗೂ ದಾರಿ ತೋರಿದ್ದು ಕಾರ್ಖಾನೆಗಳೇ. ಜಪಾನಿನ ಟೊಯೊಟಾದಲ್ಲಿ ತೈಇಚಿ ಓನೊ ರೂಪಿಸಿದ ಉತ್ಪಾದನಾ ಕ್ರಮದಲ್ಲಿ ಬೇಕಾದಾಗ ಬೇಕಾದಷ್ಟೇ ತಯಾರಿ. ದೋಷ ಕಂಡ ಕೆಲಸಗಾರನಿಗೆ ಇಡೀ ಸಾಲನ್ನು ನಿಲ್ಲಿಸುವ ಅಧಿಕಾರ. 1986ರ ಜನವರಿಯಲ್ಲಿ ಹಿರೊಟಾಕಾ ಟಾಕೆಯುಚಿ ಮತ್ತು ಇಕುಜಿರೊ ನೊನಾಕಾ ಹಾರ್ವರ್ಡ್ ಬಿಸಿನೆಸ್ ರಿವ್ಯೂದಲ್ಲಿ ಒಂದು ಲೇಖನ ಬರೆದು, ಹೋಂಡಾ, ಕ್ಯಾನನ್, ಫ್ಯೂಜಿ-ಜೆರಾಕ್ಸ್ ಮೊದಲಾದ ಕಂಪನಿಗಳು ಹೊಸ ಸರಕುಗಳನ್ನು ಬೇಗನೆ ಹೊರತರುವ ಬಗೆಯನ್ನು ವಿವರಿಸಿದರು. ಒಬ್ಬ ಓಡಿ ಕೋಲನ್ನು ಇನ್ನೊಬ್ಬನಿಗೆ ಕೊಡುವ ರಿಲೇ ಓಟದಂತಲ್ಲ, ಇಡೀ ತಂಡ ಚೆಂಡನ್ನು ದಾಟಿಸುತ್ತಾ ಒಟ್ಟಿಗೆ ಸಾಗುವ ರಗ್ಬಿಯಂತೆ ಎಂಬುದು ಅವರ ಹೋಲಿಕೆ. ರಗ್ಬಿಯ ‘ಸ್ಕ್ರಮ್’ ಎಂಬ ಪದವನ್ನು ಅಲ್ಲಿಂದ ಎತ್ತಿಕೊಂಡ ಜೆಫ್ ಸದರ್‌ಲ್ಯಾಂಡ್ 1993ರಲ್ಲಿ ಈಸೆಲ್ ಎಂಬ ಕಂಪನಿಯಲ್ಲಿ ಅದನ್ನು ತಂತ್ರಾಂಶಕ್ಕೆ ಒಗ್ಗಿಸಿದ. 1995ರಲ್ಲಿ ಕೆನ್ ಶ್ವಾಬರನೊಡನೆ ಅದನ್ನು ವಿದ್ವತ್ ಸಮ್ಮೇಳನವೊಂದರಲ್ಲಿ ಮಂಡಿಸಿದ.

ಕ್ರಮವು ಸರಳ. ಬೇಕಾದ ಕೆಲಸಗಳನ್ನೆಲ್ಲ ಮಹತ್ತ್ವದ ಅನುಕ್ರಮದಲ್ಲಿ ಪಟ್ಟಿಮಾಡಿ, ಎರಡು ವಾರಗಳಂಥ ಒಂದು ಅಲ್ಪಾವಧಿಗೆ ಸಾಕಾಗುವಷ್ಟನ್ನು ಮೇಲಿನಿಂದ ಎತ್ತಿಕೊಳ್ಳುವುದು. ಆ ಅವಧಿಯೇ ನಮ್ಮ ತರುಣನ ‘ಸ್ಪ್ರಿಂಟ್’. ದಿನಕ್ಕೊಮ್ಮೆ ಹದಿನೈದು ನಿಮಿಷ ಕೂಡಿ ಕೆಲಸ ಎಲ್ಲಿಗೆ ಬಂತೆಂದು ನೋಡುವುದು. ಕೊನೆಗೆ, ನಡೆಯುವ ಸ್ಥಿತಿಯಲ್ಲಿರುವ ತುಣುಕೊಂದನ್ನು ಬಳಸುವವರ ಮುಂದಿಟ್ಟು, ಅವರು ಹೇಳಿದ್ದನ್ನು ಕೇಳಿ ಪಟ್ಟಿಯನ್ನು ತಿದ್ದುವುದು. ಪಟ್ಟಿ ಎಂದಿಗೂ ಅಂತಿಮವಲ್ಲ. ‘ಆರಂಭದಲ್ಲಿ ನಮಗೆ ಪೂರ್ತಿ ಗೊತ್ತಿಲ್ಲ’ ಎಂಬ ಒಪ್ಪಿಗೆಯೇ ಇಡೀ ವಿಧಾನದ ಅಡಿಗಲ್ಲು.

ಇದೇ ಕಾಲದಲ್ಲಿ ಅಮೆರಿಕದ ಕ್ರೈಸ್ಲರ್ ಕಾರು ಕಂಪನಿ ತನ್ನ ನೌಕರರ ಸಂಬಳದ ಲೆಕ್ಕಕ್ಕೆ ಹೊಸ ವ್ಯವಸ್ಥೆ ಕಟ್ಟಲು ಹೆಣಗುತ್ತಿತ್ತು. 1996ರಲ್ಲಿ ಅಲ್ಲಿಗೆ ಬಂದ ಕೆಂಟ್ ಬೆಕ್ ‘ಎಕ್ಸ್‌ಟ್ರೀಮ್ ಪ್ರೋಗ್ರಾಮಿಂಗ್’ ಎಂದು ಹೆಸರಾದ ಕಠಿಣ ಶಿಸ್ತನ್ನು ರೂಪಿಸಿದ: ಇಬ್ಬರು ಒಂದೇ ಯಂತ್ರದ ಮುಂದೆ ಕುಳಿತು ಬರೆಯುವುದು, ಬರೆಯುವ ಮೊದಲೇ ಪರೀಕ್ಷೆಯನ್ನು ಸಿದ್ಧಪಡಿಸುವುದು, ಗ್ರಾಹಕನ ಪ್ರತಿನಿಧಿ ಸದಾ ಪಕ್ಕದಲ್ಲಿರುವುದು. 1997ರಲ್ಲಿ ಸುಮಾರು 10,000 ನೌಕರರ ಸಂಬಳ ಆ ವ್ಯವಸ್ಥೆಯಿಂದ ಬಟವಾಡೆಯಾಯಿತು. ಆದರೆ ಉಳಿದವರನ್ನು ಅದು ಮುಟ್ಟುವ ಮೊದಲೇ, 2000ದ ಫೆಬ್ರುವರಿಯಲ್ಲಿ, ಯೋಜನೆಯನ್ನು ನಿಲ್ಲಿಸಲಾಯಿತು. ಪಂಥದ ಮೊದಲ ದೇವಾಲಯವೇ ಅರ್ಧಕ್ಕೆ ನಿಂತದ್ದು! ಭಕ್ತರು ಇದನ್ನು ಅಷ್ಟಾಗಿ ಹೇಳುವುದಿಲ್ಲ.

ಮರುವರ್ಷ, 2001ರ ಫೆಬ್ರುವರಿ 11ರಿಂದ 13ರ ವರೆಗೆ, ಯೂಟಾ ರಾಜ್ಯದ ಸ್ನೋಬರ್ಡ್ ಎಂಬ ಹಿಮಕ್ರೀಡೆಯ ತಾಣದಲ್ಲಿ 17 ಮಂದಿ ಕೂಡಿದರು. ಸ್ಕ್ರಮ್‌ನವರೂ ಬೆಕ್‌ನ ಕಡೆಯವರೂ ಇನ್ನೂ ಕೆಲವು ಪಂಥದವರೂ ಇದ್ದರು. ಎಲ್ಲರೂ ಗಂಡಸರು, ಭಾರತೀಯರು ಯಾರೂ ಇಲ್ಲ. ಆ ವರೆಗೆ ಇವರೆಲ್ಲರ ಪದ್ಧತಿಗಳನ್ನು ‘ಹಗುರ’ ಪದ್ಧತಿಗಳೆಂದು ಕರೆಯುತ್ತಿದ್ದರು. ತಾವು ಹಗುರವಾದವರೆಂದು ಕರೆಸಿಕೊಳ್ಳುವುದು ಯಾರಿಗೆ ಇಷ್ಟ? ‘ಅಜೈಲ್’ ಎಂಬ ಪದವನ್ನು ಆರಿಸಿ, ದಾಖಲೆಗಿಂತ ನಡೆಯುವ ತಂತ್ರಾಂಶಕ್ಕೆ, ಕರಾರಿನ ಚೌಕಾಶಿಗಿಂತ ಗ್ರಾಹಕನೊಡನೆ ಕೂಡಿ ದುಡಿಯುವುದಕ್ಕೆ ಬೆಲೆ ಕೊಡುವ ನಾಲ್ಕು ಮೌಲ್ಯಗಳ ಘೋಷಣೆ ಹೊರಡಿಸಿದರು. ಇಲ್ಲೊಂದು ಭಾಷೆಯ ಸಂಗತಿಯನ್ನು ಹೇಳದೆ ಮುಂದೆ ಹೋಗಲಾರೆವು. ಇಂಗ್ಲಿಷಿನಲ್ಲಿ ಹಗುರಕ್ಕೂ ಚುರುಕಿಗೂ ಎರಡು ಪದಗಳು ಬೇಕಾದವು. ನಮ್ಮ ‘ಲಾಘವ’ದಲ್ಲಿ ಎರಡೂ ಒಟ್ಟಿಗಿವೆ: ಲಘುವಾದದ್ದರ ಭಾವವೂ ಹೌದು, ಕೈಚಳಕವೂ ಹೌದು. ‘ಹಸ್ತಲಾಘವ’ವೆಂದರೆ ಪತ್ರಿಕೆಗಳ ಕನ್ನಡದಲ್ಲಿ ಕೈಕುಲುಕುವುದೂ ಆದೀತು. ಆ 17 ಮಂದಿಗೆ ಕನ್ನಡ ಬರುತ್ತಿದ್ದರೆ ಅರ್ಧ ದಿನದ ಚರ್ಚೆ ಉಳಿಯುತ್ತಿತ್ತು.

ಈ ಘೋಷಣೆ ಹೊರಟಾಗ ಕನ್ನಡನಾಡು ಎದುರು ದಡದಲ್ಲಿತ್ತು. ತಂತ್ರಾಂಶ ಕಂಪನಿಗಳ ಪ್ರೌಢಿಮೆಯನ್ನು ಐದು ಮಟ್ಟಗಳಲ್ಲಿ ಅಳೆಯುವ, ದಾಖಲೆಯೇ ಪ್ರಧಾನವಾದ ಸಿಎಂಎಂ ಎಂಬ ಮಾಪನದಲ್ಲಿ ಬೆಂಗಳೂರಿನ ಮೋಟೊರೋಲಾ ಘಟಕವು 1990ರ ದಶಕದಲ್ಲಿಯೇ ಜಗತ್ತಿನ ಮೊದಲಿಗರ ಸಾಲಿನಲ್ಲಿ ಐದನೆಯ ಮಟ್ಟವನ್ನು ಮುಟ್ಟಿತ್ತು. ಸಮುದ್ರದಾಚೆಯ ಗಿರಾಕಿಯ ವಿಶ್ವಾಸ ಗಳಿಸಲು ನಮ್ಮವರಿಗೆ ಆ ಪ್ರಮಾಣಪತ್ರವೇ ಶ್ರೀರಕ್ಷೆ. ಹೀಗಿರುವಾಗ 2001ರಲ್ಲಿ ಥಾಟ್‌ವರ್ಕ್ಸ್ ಎಂಬ ಶಿಕಾಗೋ ಮೂಲದ ಕಂಪನಿ ಬೆಂಗಳೂರಿನಲ್ಲಿ ಕಚೇರಿ ತೆರೆದು, ಒಂದೇ ಕೋಣೆಯಲ್ಲಿ ಕೂಡಿರಬೇಕೆನ್ನುವ ಅಜೈಲ್ ವಿಧಾನವನ್ನು ಎರಡು ಖಂಡಗಳ ನಡುವೆ ನಡೆಸಲು ಹೊರಟಿತು. ಸ್ನೋಬರ್ಡಿನ 17 ಮಂದಿಯಲ್ಲೊಬ್ಬನಾದ ಮಾರ್ಟಿನ್ ಫೌಲರ್ ಆ ಅನುಭವವನ್ನು ದೀರ್ಘವಾಗಿ ಬರೆದಿದ್ದಾನೆ. ಅದರಲ್ಲಿ ನಮ್ಮ ಮನಸ್ಸಿಗೆ ನಾಟಿದ್ದು ‘ರಾಯಭಾರಿ’ಗಳ ಏರ್ಪಾಡು: ಇಲ್ಲಿನವರು ಕೆಲ ತಿಂಗಳು ಅಲ್ಲಿ, ಅಲ್ಲಿನವರು ಇಲ್ಲಿ ಇದ್ದು, ಕಾಗದದಲ್ಲಿ ದಾಟದ ಮಾತುಗಳನ್ನು ದಾಟಿಸುವುದು. ಊರು ಬಿಟ್ಟು ಬಂದು ಎರಡು ಕಡೆಗೂ ದುಭಾಷಿಗಳಾಗಿರುವ ನಮ್ಮಂಥ ಹೊರನಾಡಿಗರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಸ್ನೋಬರ್ಡಿನ ಹೆಸರನ್ನೂ ಕೇಳದೆ, ಅದೇ ವರ್ಷಗಳಲ್ಲಿ, ಮಂಡ್ಯ ಜಿಲ್ಲೆಯ ಮದ್ದೂರು ತಾಲೂಕು ಕಚೇರಿಯಲ್ಲಿ ಇನ್ನೊಂದು ಪ್ರಯೋಗ ನಡೆಯುತ್ತಿತ್ತು. ಕರ್ನಾಟಕದ ಭೂದಾಖಲೆಗಳನ್ನು ಗಣಕಕ್ಕೇರಿಸಿದ ‘ಭೂಮಿ’ ಯೋಜನೆಯನ್ನು ಅಜೈಲ್ ಎಂದು ಯಾರೂ ಕರೆದಿಲ್ಲ, ಕರೆಯಲೂಬಾರದು. ಆದರೂ ಅದರ ನಡೆ ಗಮನಾರ್ಹ. 1990ರ ದಶಕದ ಆರಂಭದ ಯತ್ನಗಳಲ್ಲಿ ದಾಖಲೆಗಳನ್ನು ಒಮ್ಮೆ ಗಣಕಕ್ಕೆ ತುಂಬಿದ್ದಷ್ಟೇ. ಖಾತೆ ಬದಲಾವಣೆ ಕಾಗದದ ಮೇಲೆಯೇ ಮುಂದುವರಿದು, ತುಂಬಿದ ಮಾಹಿತಿ ಬೇಗ ಹಳಸಿಹೋಯಿತು. ಆ ಪಾಠ ಕಲಿತ ಐಎಎಸ್ ಅಧಿಕಾರಿ ರಾಜೀವ್ ಚಾವ್ಲಾ ಮತ್ತು ತಂತ್ರಾಂಶ ಬರೆದ ರಾಷ್ಟ್ರೀಯ ಮಾಹಿತಿ ಕೇಂದ್ರದವರು ಮೊದಲು ಮದ್ದೂರಿನಲ್ಲಿ ನಡೆಸಿ ನೋಡಿದರು, ಬಳಿಕವೇ ಹರಡುತ್ತಾ 177 ತಾಲೂಕುಗಳನ್ನು ಮುಟ್ಟಿದರು. ಸುಮಾರು 67 ಲಕ್ಷ ರೈತರ 2 ಕೋಟಿಯಷ್ಟು ದಾಖಲೆಗಳು. 15 ರೂಪಾಯಿಗೆ ಪಹಣಿ ಕೈಗೆ ಬಂತು. ಗಣಕ ಬಂದ ತಾಲೂಕಿನಲ್ಲಿ ಕೈಬರಹದ ಪಹಣಿಗೆ ಮಾನ್ಯತೆಯಿಲ್ಲವೆಂಬ ಆಜ್ಞೆಯಿಂದ ಹಿಂದಿರುಗುವ ದಾರಿಯೂ ಮುಚ್ಚಿತು. ದೊಡ್ಡ ಕುಳಗಳಿಗೆ ಭೂಮಿ ಕಬಳಿಸಲು ಇದರಿಂದಲೇ ಅನುಕೂಲವಾಯಿತೆಂದು 2007ರ ಹೊತ್ತಿಗೆ ಕೆಲ ವಿದ್ವಾಂಸರು ಆಕ್ಷೇಪಿಸಿದ್ದೂ ಉಂಟು. ಆ ಆಕ್ಷೇಪ ಹಗುರವಾದದ್ದಲ್ಲ. ತಂತ್ರಾಂಶವನ್ನು ಯಾರ ಮುಂದಿಟ್ಟು ತಿದ್ದುತ್ತೇವೆಂಬುದರ ಮೇಲೆ ಅದು ಯಾರಿಗೆ ಒದಗುತ್ತದೆಂಬುದು ನಿಂತಿದೆ; ಪಹಣಿಗಾಗಿ ಸಾಲಿನಲ್ಲಿ ನಿಂತ ರೈತನನ್ನು ಆ ಕೋಣೆಯೊಳಗೆ ಕರೆದವರಾರು?

ವಾಗ್ಳೆ ಎಸ್ಟೇಟಿನಲ್ಲಿರುವ ಪಾಸ್‌ಪೋರ್ಟ್ ಸೇವಾ ಕೇಂದ್ರಕ್ಕೆ ನೀವು ಹೋಗಿರಬಹುದು. ಆ ಯೋಜನೆಯೂ 2010ರಲ್ಲಿ ಮೊದಲು ನಡೆದಾಡಿದ್ದು ಕರ್ನಾಟಕದ ಮತ್ತು ಚಂಡೀಗಢದ ಕಡೆಯ ಬೆರಳೆಣಿಕೆಯ ಕೇಂದ್ರಗಳಲ್ಲಿ. 2012ರ ಹೊತ್ತಿಗೆ ದೇಶದಲ್ಲಿ 77 ಆದವು. ಅಲ್ಲಿ ನಮ್ಮ ಗಮನ ಸೆಳೆದದ್ದು ಕರಾರಿನ ಬಗೆ. ತಂತ್ರಾಂಶ ಸಿದ್ಧಪಡಿಸಿ ನಡೆಸುವ ಟಿಸಿಎಸ್ ಕಂಪನಿಗೆ ಹಣ ಸಲ್ಲುವುದು ದಾಖಲೆಗಳ ಕಟ್ಟಿಗಲ್ಲ, ಪೂರೈಸಿದ ಸೇವೆಯ ಲೆಕ್ಕಕ್ಕೆ.

ಇದನ್ನೇಕೆ ಹೇಳಿದೆವೆಂದರೆ ನಮ್ಮ ನೋವು ಇರುವುದು ಅಲ್ಲಿಯೇ. ಹಿಂದೆ ನಾವು ಕೆಲಸಮಾಡಿದ ಕಚೇರಿಯೊಂದರಲ್ಲಿ ಆವಕ-ಜಾವಕಕ್ಕೆ ತಂತ್ರಾಂಶ ಮಾಡಿಸಿದರು. ಅಗತ್ಯಗಳ ದಪ್ಪ ಸಂಪುಟಕ್ಕೆ ಸಹಿ ಹಾಕಿದವರಲ್ಲಿ ನಾವೂ ಒಬ್ಬರು. ಹದಿನಾಲ್ಕು ತಿಂಗಳ ಮೇಲೆ ಅದು ಬಂದಾಗ, ಜಾವಕದ ಗುಮಾಸ್ತೆ ಹೆಂಗಸು ಐದೇ ನಿಮಿಷ ನೋಡಿ, ‘ಕೆಂಪು ಶಾಯಿಯದು ಎಲ್ಲಿ?’ ಎಂದು ಕೇಳಿದಳು. ಹಿಂದಿರುಗಿದ ಟಪಾಲಿನ ಕಾರಣವನ್ನು ಅವಳು ರಿಜಿಸ್ಟರಿನ ಅಂಚಿನಲ್ಲಿ ಕೆಂಪಿನಲ್ಲಿ ಬರೆಯುತ್ತಿದ್ದಳು; ಇಡೀ ಕಚೇರಿ ಹುಡುಕುತ್ತಿದ್ದುದು ಆ ಅಂಚನ್ನೇ. ಸಂಪುಟದಲ್ಲಿ ಅಂಚು ಇರಲಿಲ್ಲ, ಏಕೆಂದರೆ ಅವಳನ್ನು ಯಾರೂ ಕೇಳಿರಲಿಲ್ಲ; ನಾವೂ ಕೇಳಿರಲಿಲ್ಲ. ಬದಲಾವಣೆಗೆ ಒಪ್ಪಿಗೆ ಕೊಡಬೇಕಾದ ಸಮಿತಿ ಆಗಲೇ ವಿಸರ್ಜನೆಯಾಗಿತ್ತು. ನಾವು ಅಲ್ಲಿಂದ ವರ್ಗವಾಗಿ ಬರುವ ವರೆಗೂ ಅವಳು ಎರಡನ್ನೂ ತುಂಬುತ್ತಿದ್ದಳು.

ನಿಯಮಗಳನ್ನು ಹಳಿಯುವುದು ಸುಲಭ. 2017ರ ಸಾಮಾನ್ಯ ಹಣಕಾಸು ನಿಯಮಗಳು ಕೊಳ್ಳುವ ವಸ್ತುವಿನ ವಿವರವನ್ನು ಮೊದಲೇ ಸ್ಪಷ್ಟಪಡಿಸಲು ಹೇಳುವುದು ಸಾರ್ವಜನಿಕರ ಹಣ ಬೇಕಾದವರ ಕೈಸೇರದಿರಲೆಂದು. ‘ಏನು ಬೇಕೆಂದು ಇನ್ನೂ ಗೊತ್ತಿಲ್ಲ’ ಎಂದು ಟೆಂಡರಿನಲ್ಲಿ ಬರೆದರೆ ಲೆಕ್ಕ ತಪಾಸಣೆಯವರು ಸುಮ್ಮನಿರುವುದಿಲ್ಲ, ಇರಲೂಬಾರದು. ಅತ್ತ ಖಾಸಗಿಯವರು ಗೆದ್ದರೆಂದೂ ಅಲ್ಲ. ನಮ್ಮ ತರುಣ ಹೇಳುವಂತೆ ದಿನದ ಹದಿನೈದು ನಿಮಿಷದ ಸಭೆ ಹಲವೆಡೆ ಹಾಜರಿ ಪುಸ್ತಕವಾಗಿದೆ, ಕೆಲಸದ ಅಂದಾಜಿಗೆಂದು ಇಟ್ಟ ಅಂಕಗಳು ಬಡ್ತಿಯ ಅಂಕಗಳಾಗಿವೆ. ಸ್ನೋಬರ್ಡಿನವರಲ್ಲೊಬ್ಬನಾದ ಡೇವ್ ಥಾಮಸ್ 2014ರಲ್ಲಿಯೇ ಆ ಪದ ಸತ್ತಿತೆಂದು ಸಾರಿದ್ದಾನೆ.

ಈಗಿನ ಕಚೇರಿಯಲ್ಲಿ ಅಂಥದೇ ಒಂದು ತಂತ್ರಾಂಶದ ಟೆಂಡರಿನ ಕರಡು ಈ ವರ್ಷ ನಮ್ಮ ಮೇಜಿಗೆ ಬಂತು. ಪ್ರತಿ ಎರಡು ವಾರಕ್ಕೊಮ್ಮೆ ನಡೆಯುವ ತುಣುಕನ್ನು ಜಾವಕ ವಿಭಾಗದ ಗುಮಾಸ್ತರೇ ಬಳಸಿ ನೋಡಿ ಅಭಿಪ್ರಾಯ ದಾಖಲಿಸಬೇಕು, ಹಣದ ಒಂದಂಶ ಅದಕ್ಕೆ ಸೇರಿರಬೇಕು ಎಂದು ಒಂದು ಕಲಮು ಸೇರಿಸಿ ಕಳಿಸಿದೆವು. ಹಣಕಾಸು ವಿಭಾಗದಿಂದ ಕಡತ ಹಿಂದಿರುಗಿದೆ. ‘ಗುಮಾಸ್ತರ ಅಭಿಪ್ರಾಯವನ್ನು ಯಾವ ಮಾನದಿಂದ ಅಳೆಯುವುದು?’ ಎಂದು ಅಂಚಿನಲ್ಲಿ ಕೇಳಿದ್ದಾರೆ, ಕೆಂಪು ಶಾಯಿಯಲ್ಲಿ. ಉತ್ತರದ ಮೂರನೆಯ ಕರಡನ್ನು ಬರೆಯುತ್ತಿದ್ದೇವೆ.