ಪೆಟ್ಟಿಗೆಗೆ ಗಾಲಿ ಬಂದ ಕಥೆ

ಮನುಷ್ಯ ಚಂದ್ರನ ಮೇಲೆ ಕಾಲಿಟ್ಟದ್ದು 1969ರಲ್ಲಿ. ಗಾಲಿಯ ಸೂಟ್‌ಕೇಸಿಗೆ ಅಮೆರಿಕದಲ್ಲಿ ಪೇಟೆಂಟ್ ಸಿಕ್ಕಿದ್ದು 1972ರಲ್ಲಿ. ಈ ತಡಕ್ಕೆ ನಗುವವರೇ ಹೆಚ್ಚು. ಇತಿಹಾಸದ ಸಂಶೋಧನಾ ವಿದ್ಯಾರ್ಥಿನಿಯಾದ ನನ್ನನ್ನು ಕಾಡುವುದು, ಅಲ್ಲಿಯವರೆಗೆ ಆ ಭಾರ ಯಾರ ಮೈಮೇಲಿತ್ತು ಎಂಬುದು.

ಪೇಟೆಂಟ್ ಪಡೆದ ಬರ್ನಾರ್ಡ್ ಸ್ಯಾಡೋ ಸೂಟ್‌ಕೇಸ್ ಕಂಪನಿಯೊಂದರ ಅಧಿಕಾರಿ. 1970ರಲ್ಲಿ ಅರೂಬಾ ದ್ವೀಪದಿಂದ ಮರಳುತ್ತ ಎರಡು ದೊಡ್ಡ ಪೆಟ್ಟಿಗೆಗಳೊಂದಿಗೆ ಏಗುತ್ತಿದ್ದಾಗ, ವಿಮಾನ ನಿಲ್ದಾಣದ ಕೆಲಸಗಾರನೊಬ್ಬ ಭಾರಿ ಯಂತ್ರವನ್ನು ಗಾಲಿಹಲಗೆಯ ಮೇಲೆ ಸಲೀಸಾಗಿ ಸಾಗಿಸುವುದನ್ನು ಕಂಡ. ನಾಲ್ಕು ಗಾಲಿ, ಎಳೆಯಲೊಂದು ಪಟ್ಟಿ, ಅಷ್ಟೇ. ಆದರೂ ಅಂಗಡಿಗಳು ಒಂದರ ಹಿಂದೊಂದು ಬೇಡವೆಂದವು. ಗಂಡಸಾದವನು ಪೆಟ್ಟಿಗೆ ಹೊರಬೇಕು, ಹೆಂಡತಿಯದನ್ನೂ ಸೇರಿಸಿ! 1940ರ ದಶಕದ ಬ್ರಿಟನ್ನಿನಲ್ಲೇ ಪೆಟ್ಟಿಗೆಗೆ ಕಟ್ಟುವ ಗಾಲಿಗಳ ಜಾಹೀರಾತು ಬಂದಿತ್ತು. ಹೆಂಗಸರ ವಸ್ತುವೆಂದು ಅದು ಬದಿಗೆ ಸರಿಯಿತು ಎನ್ನುತ್ತಾರೆ ಸ್ವೀಡನ್ನಿನ ಲೇಖಕಿ ಕತ್ರೀನ್ ಮಾರ್ಸಲ್. ಈ ವಾದಕ್ಕೆ ನಾನು ಕೂಲಿಯವನನ್ನೂ ಸೇರಿಸುತ್ತೇನೆ: ಅಗ್ಗಕ್ಕೆ ತಲೆ ಸಿಗುವಲ್ಲಿ ಗಾಲಿ ಯಾರಿಗೆ ಬೇಕಿತ್ತು?

1987ರಲ್ಲಿ ಪೈಲಟ್ ರಾಬರ್ಟ್ ಪ್ಲಾತ್ ಪೆಟ್ಟಿಗೆಯನ್ನು ನೆಟ್ಟಗೆ ನಿಲ್ಲಿಸಿ ಎರಡು ಗಾಲಿ, ಉದ್ದನೆಯ ಹಿಡಿ ಜೋಡಿಸಿದ. ಬೆನ್ನು ಬಗ್ಗಿಸುವುದು ತಪ್ಪಿತು. ಈಗಿನ ನಾಲ್ಕು ಗಾಲಿಯದು ನುಣುಪು ನೆಲದಲ್ಲಿ ಕೈಗೆ ಭಾರವನ್ನೇ ಕೊಡದು. ನಮ್ಮ ಬಸ್‌ಸ್ಟ್ಯಾಂಡುಗಳ ಗುಂಡಿಗಳಿಗೆ ಮಾತ್ರ ದೊಡ್ಡ ಎರಡು ಗಾಲಿಯದೇ ವಾಸಿ. ನಾನು ಕೊಂಡದ್ದೂ ಅದನ್ನೇ.

ನಮ್ಮ ರೈಲು ನಿಲ್ದಾಣಗಳ ಕೆಂಪಂಗಿಯ ಕೂಲಿಗಳನ್ನು 2016ರ ರೈಲ್ವೆ ಬಜೆಟ್ ‘ಸಹಾಯಕ’ರೆಂದು ಕರೆಯಿತು. ಅಷ್ಟರಲ್ಲಿ ಗಾಲಿ ಅವರ ಗಿರಾಕಿಗಳನ್ನು ಎಳೆದುಕೊಂಡು ಹೋಗಿತ್ತು. ಮೇಲ್ಸೇತುವೆಯ ಮೆಟ್ಟಿಲ ಬುಡದಲ್ಲಿ, ಗಾಲಿ ಕೈಕೊಡುವ ಕಡೆ, ಅವರು ಇನ್ನೂ ನಿಂತಿರುತ್ತಾರೆ.