ದುರ್ಯೋಧನನ ಪಾರ್ಟಿಗೆ ಎಷ್ಟು?

ಕೋಟ್ಯಂತರ ಡಾಲರ್ ಸುರಿದು ತಯಾರಿಸುವ ವಿಡಿಯೋ ಗೇಮ್‌ಗಳ ಬಗ್ಗೆ, ಅವುಗಳನ್ನೇ ಆಡಿ ಬೆಳೆದವರಿಗೆ ಈಚೆಗೆ ಮನಸ್ಸು ಮುರಿದಿದೆ. ಚಿತ್ರ ಕಣ್ಣು ಕುಕ್ಕುತ್ತದೆ, ಆಟದ ಲೋಕ ಮುಗಿಯದಷ್ಟು ದೊಡ್ಡದಿದೆ, ಆದರೂ ಹೋದ ವರ್ಷ ಆಡಿದ್ದನ್ನೇ ಈ ವರ್ಷ ಹೆಚ್ಚು ಬೆಲೆ ತೆತ್ತು ಆಡುತ್ತಿದ್ದೇವೆ ಎಂಬ ದೂರು ನಿಂತಿಲ್ಲ. ಇದನ್ನು ಕಂಪ್ಯೂಟರ್ ಕಾಲದ ಹೊಸ ಕಾಯಿಲೆ ಎಂದುಕೊಂಡವರು ತುಮಕೂರು ಜಿಲ್ಲೆಯ ನಾಟಕದ ಚರಿತ್ರೆಯನ್ನು ಒಮ್ಮೆ ತಿರುವಿ ನೋಡಬೇಕು. ಅದರಲ್ಲೂ ಶಿಕ್ಷಣ ಇಲಾಖೆ ಮಧುಗಿರಿ ಶೈಕ್ಷಣಿಕ ಜಿಲ್ಲೆ ಎಂದು ಒಟ್ಟಿಗೆ ಕಟ್ಟಿರುವ ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ತಾಲ್ಲೂಕುಗಳನ್ನು. ದುಬಾರಿ ವೈಭವ ಏರಿದ್ದು, ಇಳಿದದ್ದು, ಇಳಿದ ಮೇಲೆ ಜನ ಅದರಲ್ಲಿ ಏನನ್ನು ಉಳಿಸಿಕೊಂಡರು ಎಂಬುದು ಮೂರೂ ಇಲ್ಲಿ ಕಾಣುತ್ತವೆ. ನನ್ನ ವಾದ ಇಷ್ಟು: ಆಟಕ್ಕೆ ಹಾಕುವ ಹಣ ಒಂದು ಮಿತಿ ದಾಟಿದ ಮೇಲೆ ಆಟ ಆಡುವವರ ಕೈತಪ್ಪುತ್ತದೆ. ಜನಕ್ಕೆ ಸಿಟ್ಟಿರುವುದು ವೈಭವದ ಮೇಲಲ್ಲ, ಹಾಗೆ ಕೈತಪ್ಪಿದ್ದರ ಮೇಲೆ.

ತುಮಕೂರು ಜಿಲ್ಲೆಯ ಗುಬ್ಬಿಯಲ್ಲಿ 1884ರಲ್ಲಿ ಚನ್ನಬಸವೇಶ್ವರ ನಾಟಕ ಸಂಘ ಹುಟ್ಟಿದಾಗ ಅದು ಊರಿನ ಆಸಕ್ತರು ಸೇರಿ ಕಟ್ಟಿಕೊಂಡ ಮೇಳ. ಹುಡುಗನಾಗಿದ್ದಾಗಲೇ ಅಲ್ಲಿ ಬಣ್ಣ ಹಚ್ಚಿದ ವೀರಣ್ಣ 1917ರಲ್ಲಿ ಒಡೆಯರಾದ ಮೇಲೆ ಅದು ದಕ್ಷಿಣ ಭಾರತದ ಬಹು ದೊಡ್ಡ ಕಂಪನಿಗಳಲ್ಲಿ ಒಂದಾಯಿತು. ಹಲವು ಶಾಖೆಗಳು, ನೂರಾರು ಜನ ಕಲಾವಿದರು, ಕೆಲಸಗಾರರು, ಲಾರಿಗಟ್ಟಲೆ ಪರದೆ, ಬೆಳಕಿನ ಚಮತ್ಕಾರ. ಬಿ. ಪುಟ್ಟಸ್ವಾಮಯ್ಯ ಬರೆದ ‘ಕುರುಕ್ಷೇತ್ರ’ಕ್ಕೆ 1930ರ ದಶಕದಲ್ಲಿ ನಿಜವಾದ ಆನೆ, ಕುದುರೆಗಳೇ ರಂಗಕ್ಕೆ ಬಂದವು. ಅದನ್ನು ಕಂಡವರು ಮರೆಯಲಿಲ್ಲ ಎಂಬುದರಲ್ಲಿ ಆಶ್ಚರ್ಯವಿಲ್ಲ. ಆದರೆ ಲೆಕ್ಕದ ಪುಸ್ತಕದ ಕಡೆಯಿಂದ ನೋಡಿದರೆ ಆನೆಯ ಕಥೆ ಬೇರೆ. ನಾಟಕವಿಲ್ಲದ ದಿನವೂ ಅದಕ್ಕೆ ಮೇವು ಬೇಕು. ಮಳೆ ಹಿಡಿದು ಟೆಂಟು ಖಾಲಿ ಹೊಡೆದರೂ ಸಂಬಳ ನಿಲ್ಲದು. ಕ್ಯಾಂಪು ಎಲ್ಲಿ ಹಾಕಬೇಕು, ಎಷ್ಟು ದಿನ ಇರಬೇಕು, ಯಾವ ನಾಟಕ ಆಡಬೇಕು ಎಂಬುದನ್ನೆಲ್ಲ ಖರ್ಚೇ ತೀರ್ಮಾನಿಸತೊಡಗುತ್ತದೆ. ಸಣ್ಣ ಊರು ಗಿಟ್ಟುವುದಿಲ್ಲ. ಹೊಸ ನಾಟಕ ಬಿದ್ದರೆ ಕಂಪನಿಯೇ ಬೀಳುತ್ತದೆ. ಹಾಗಾಗಿ ನಿನ್ನೆ ಗೆದ್ದದ್ದಕ್ಕೇ ಇನ್ನೊಂದು ದೀಪ, ಇನ್ನೊಂದು ಪರದೆ ಸೇರಿಸುವುದೇ ಸುರಕ್ಷಿತ ದಾರಿಯಾಗುತ್ತದೆ. ಇದು ವೀರಣ್ಣನವರ ದೋಷವಲ್ಲ. ಆ ಗಾತ್ರದ ಯಾವ ಉದ್ಯಮಕ್ಕೂ ಬೇರೆ ದಾರಿ ಉಳಿಯುವುದಿಲ್ಲ.

ಅಷ್ಟರಲ್ಲಿ ಸಿನಿಮಾ ಬಂತು. 1934ರ ‘ಸತಿ ಸುಲೋಚನ’ ಕನ್ನಡದ ಮೊದಲ ವಾಕ್ಚಿತ್ರ. ಸುಮಾರು 40 ಸಾವಿರ ರೂಪಾಯಿಯಲ್ಲಿ ಕೊಲ್ಲಾಪುರದಲ್ಲಿ ತಯಾರಾದ ಅದರಲ್ಲಿ ಅಭಿನಯಿಸಿದ ಸುಬ್ಬಯ್ಯ ನಾಯ್ಡು, ನಾಗೇಂದ್ರರಾಯರು ಕಂಪನಿ ನಾಟಕದವರೇ. ವೈಭವವನ್ನು ಒಮ್ಮೆ ಖರ್ಚು ಮಾಡಿ ಡಬ್ಬಿಯಲ್ಲಿ ತುಂಬಿ ಊರೂರಿಗೆ ಕಳಿಸುವ ತಂತ್ರದ ಮುಂದೆ, ದಿನವೂ ಹೊಸದಾಗಿ ಖರ್ಚಾಗುವ ವೈಭವ ನಿಲ್ಲುವುದು ಕಷ್ಟವಿತ್ತು. ಪ್ರೇಕ್ಷಕರಿಗೆ ಬೆರಗನ್ನೇ ಅಭ್ಯಾಸ ಮಾಡಿಸಿದವರಿಗೆ ಬೆರಗು ಅಗ್ಗದಲ್ಲಿ ಸಿಗುವ ಕಡೆಗೆ ಅವರು ಹೋದಾಗ ತಡೆಯಲು ಹೆಚ್ಚೇನೂ ಇರಲಿಲ್ಲ. ವೀರಣ್ಣ ಇದನ್ನು ಬೇಗ ಅರಿತವರು. ಮೂಕಿ ಚಿತ್ರದ ಕಾಲದಲ್ಲೇ ಬಂಡವಾಳ ಹಾಕಿದರು, 1954ರ ‘ಬೇಡರ ಕಣ್ಣಪ್ಪ’ದ ಹಿಂದೆಯೂ ಅವರಿದ್ದರು. ಆ ಚಿತ್ರದ ನಾಯಕ ರಾಜ್‌ಕುಮಾರ್, ಹಾಸ್ಯ ನಟ ತಿಪಟೂರಿನ ನರಸಿಂಹರಾಜು, ಜಿ.ವಿ. ಅಯ್ಯರ್ ಎಲ್ಲರೂ ಗುಬ್ಬಿ ಕಂಪನಿಯ ಅನ್ನ ಉಂಡವರು.

ಕಂಪನಿಗಳು ಸೊರಗಿದ ಮೇಲೆ ಏನು ಉಳಿಯಿತು ಎಂಬುದಕ್ಕೆ ಉತ್ತರ ಈ ನಾಲ್ಕು ತಾಲ್ಲೂಕುಗಳ ಹಳ್ಳಿಗಳಲ್ಲಿದೆ. ಇವು ಮೊದಲಿಂದಲೂ ಆಟದ ಸೀಮೆ. ಭಾಗವತ, ಮುಖವೀಣೆ, ಮದ್ದಳೆಯ ಮೂಡಲಪಾಯ ಬಯಲಾಟ ಇಲ್ಲಿ ರಾತ್ರಿಯಿಡೀ ನಡೆಯುತ್ತಿತ್ತು. ಶಿರಾ ತಾಲ್ಲೂಕಿನ ಕಳುವರಹಳ್ಳಿಯ ಜುಂಜಪ್ಪನ ಕಥೆಯನ್ನು ಕಾಡುಗೊಲ್ಲರು ಗಣೆ ಎಂಬ ಕೊಳಲು ಊದಿಕೊಂಡು ಹಾಡುತ್ತಾ ಬಂದರು, ಅದಕ್ಕೆ ಪರದೆಯೂ ಬೇಡ, ಟಿಕೆಟ್ಟೂ ಬೇಡ. ಮೂರು ಕಡೆ ಆಂಧ್ರ ಸುತ್ತಿಕೊಂಡ ಪಾವಗಡದಲ್ಲಿ ತೆಲುಗು ಪದ್ಯನಾಟಕದ ಗಾಳಿಯೂ ಬೀಸುತ್ತದೆ. ಇಂಥ ನೆಲಕ್ಕೆ ಕಂಪನಿ ನಾಟಕದ ಮಟ್ಟು, ಕಂದಪದ್ಯ, ಬಣ್ಣದ ಪರದೆ, ಹಾರ್ಮೋನಿಯಂ ಇಳಿದು ಬಂದವು. ಕಂಪನಿ ಬಿಟ್ಟ ಕಲಾವಿದರು ಹಳ್ಳಿಗಳಿಗೆ ನಾಟಕದ ಮೇಷ್ಟ್ರಾದರು. ‘ಕುರುಕ್ಷೇತ್ರ’, ‘ರಾಜಸೂಯ ಯಾಗ’, ‘ದಾನವೀರಶೂರ ಕರ್ಣ’ ಊರಿನ ಹುಡುಗರ, ರೈತರ, ಮೇಷ್ಟ್ರುಗಳ, ಕಂಡಕ್ಟರುಗಳ ನಾಟಕಗಳಾದವು. ಇಲ್ಲಿ ಒಂದು ವಿಚಿತ್ರ ಪದ್ಧತಿ ಬೇರೂರಿತು: ನಟನಿಗೆ ಸಂಬಳವಿಲ್ಲ, ಅವನೇ ಹಣ ಕೊಡಬೇಕು. ದುರ್ಯೋಧನ, ಕೃಷ್ಣ, ಕರ್ಣನ ಪಾರ್ಟಿಗೆ ಹೆಚ್ಚು, ಶಕುನಿ, ಭೀಮನಿಗೆ ಅದಕ್ಕಿಂತ ಕಡಿಮೆ, ಸಣ್ಣ ಪಾರ್ಟಿಗೆ ಸ್ವಲ್ಪ. ಸೀನರಿಯವರ ಬಾಡಿಗೆ, ಮೇಷ್ಟ್ರ ಸಂಭಾವನೆ, ಸ್ತ್ರೀ ಪಾತ್ರಕ್ಕೆ ಹೊರಗಿನಿಂದ ಬರುವ ಕಲಾವಿದೆಯರ ಹಣ ಎಲ್ಲ ಈ ವಂತಿಗೆಯಿಂದಲೇ. ನೋಡುವವರಿಗೆ ಪುಕ್ಕಟೆ.

ಅಂದರೆ ಗೇಮ್ ಅಂಗಡಿಯಲ್ಲಿ ನಡೆಯುವುದೇ ಇಲ್ಲೂ ನಡೆಯುತ್ತದೆ. ಹಣ ಕೊಟ್ಟು ಒಬ್ಬ ವೀರನ ವೇಷ ತೊಡುವುದು. ಹಾಗಾದರೆ ಒಂದರ ಬಗ್ಗೆ ಜನಕ್ಕೆ ಬೇಸರ, ಇನ್ನೊಂದಕ್ಕೆ ಇನ್ನೂ ರಾತ್ರಿಯಿಡೀ ನಿದ್ದೆಗೆಡುವ ಉತ್ಸಾಹ ಏಕೆ? 2014ರಲ್ಲಿ ಯೂಬಿಸಾಫ್ಟ್ ಮಾರಿದ ‘ದಿ ಕ್ರೂ’ ಎಂಬ ಕಾರ್ ಓಟದ ಆಟವನ್ನು ನೋಡಿ. ಅದು ಕಂಪನಿಯ ಸರ್ವರ್ ಇಲ್ಲದೆ ನಡೆಯುತ್ತಿರಲಿಲ್ಲ. 2024ರ ಮಾರ್ಚ್ 31ಕ್ಕೆ ಸರ್ವರ್ ನಿಂತಿತು, ದುಡ್ಡು ಕೊಟ್ಟು ಕೊಂಡವರ ಕೈಯಲ್ಲಿ ಆಡಲಾಗದ ಆಟ ಉಳಿಯಿತು. ಆ ಸಿಟ್ಟಿನಿಂದ ಹುಟ್ಟಿದ ಚಳವಳಿ ಯುರೋಪಿನಲ್ಲಿ ಹತ್ತು ಲಕ್ಷಕ್ಕೂ ಹೆಚ್ಚು ಸಹಿ ಕೂಡಿಸಿತು. ಸೋನಿಯ ‘ಕಾನ್ಕಾರ್ಡ್’ ಎಂಬ ಆಟ 2024ರ ಆಗಸ್ಟ್ 23ರಂದು ಬಂದು ಸೆಪ್ಟೆಂಬರ್ 6ಕ್ಕೆ ಕಣ್ಮರೆಯಾಯಿತು. ಹಣ ವಾಪಸ್ಸಾಯಿತು ನಿಜ, ಆದರೆ ವರ್ಷಗಟ್ಟಲೆ ದುಡಿದು ಅದನ್ನು ಕಟ್ಟಿದ ಸ್ಟುಡಿಯೋವನ್ನೇ ಮುಚ್ಚಲಾಯಿತು. ದುರ್ಯೋಧನನ ಪಾರ್ಟು ಕೊಂಡವನಿಗೆ ಸಿಗುವುದು ಒಂದು ರಾತ್ರಿಯ ಕಿರೀಟವಷ್ಟೇ ಅಲ್ಲ. ಹಗಲು ಹೊಲದ ಕೆಲಸ ಮುಗಿಸಿ ತಿಂಗಳುಗಟ್ಟಲೆ ತಾಲೀಮಿಗೆ ಕೂತು ಗಂಟಲಿಗೆ ಹತ್ತಿಸಿಕೊಂಡ ಪದ್ಯಗಳು ಅವನವೇ. ಅವನ್ನು ಯಾವ ಕಂಪನಿಯೂ ಹಿಂದಕ್ಕೆ ಕಿತ್ತುಕೊಳ್ಳಲಾರದು. ಕೊಟ್ಟ ಹಣವೂ ಎಲ್ಲರೆದುರು ನಿಗದಿಯಾದದ್ದು, ಅದು ಹೋಗುವುದೂ ಬಹುಮಟ್ಟಿಗೆ ಸುತ್ತಲ ಸೀಮೆಯ ಕೈಗಳಿಗೇ.

ತಯಾರಿಸುವವರ ಕಡೆಯಿಂದ ನೋಡಿದರೂ ಕಥೆ ಬದಲಾಗುವುದಿಲ್ಲ. 1997ರಲ್ಲಿ ಬೆಂಗಳೂರಿನಲ್ಲಿ ರಾಜೇಶ್ ರಾವ್ ಆರಂಭಿಸಿದ ಧ್ರುವ ಇಂಟರಾಕ್ಟಿವ್ ಭಾರತದ ಮೊದಲ ಗೇಮ್ ಸ್ಟುಡಿಯೋಗಳಲ್ಲೊಂದು. ಸ್ವಂತ ಆಟ ಮಾಡಬಲ್ಲ ಜನ ಅಲ್ಲಿದ್ದರೂ ಅದರ ಹೊಟ್ಟೆ ಹೊರೆದದ್ದು ಹೆಚ್ಚಾಗಿ ಹೊರದೇಶದ ದೊಡ್ಡ ಆಟಗಳಿಗೆ ಕಾರು, ಕಟ್ಟಡ, ಮರ ರಚಿಸಿಕೊಡುವ ಗುತ್ತಿಗೆ. 2017ರಲ್ಲಿ ಸ್ವೀಡನ್ನಿನ ಸ್ಟಾರ್‌ಬ್ರೀಜ್ ಅದನ್ನು ಕೊಂಡಿತು. ಕೊಂಡವರು ಸ್ವತಃ ಸಂಕಟಕ್ಕೆ ಸಿಕ್ಕಿದ್ದರಿಂದ 2019ರಲ್ಲಿ ಅದು ಗೇಮ್ ಕಂಪನಿ ರಾಕ್‌ಸ್ಟಾರ್ ಪಾಲಾಗಿ ರಾಕ್‌ಸ್ಟಾರ್ ಇಂಡಿಯಾದಲ್ಲಿ ಕರಗಿತು. ಬೆಂಗಳೂರಿನ ಕಲಾವಿದ ಬರೆದ ಮರ ಯಾವ ಬೀದಿಯಲ್ಲಿ ನಿಲ್ಲಬೇಕೆಂದು ಹೇಳುವವರು ಸಮುದ್ರದಾಚೆ ಇದ್ದಾರೆ. ಗುಬ್ಬಿ ಕಂಪನಿಯಲ್ಲಿ ಪರದೆ ಬರೆದವನಾದರೂ ಅದೇ ರಾತ್ರಿ ಅದರ ಮುಂದೆ ಕೂತ ಜನರ ಉಸಿರು ಕೇಳಬಹುದಿತ್ತು.

ಇದಕ್ಕೆ ಆಕ್ಷೇಪಗಳು ಬರುತ್ತವೆ, ಬರಲೂ ಬೇಕು. ದೊಡ್ಡ ಬಂಡವಾಳವಿಲ್ಲದೆ ಕೆಲವನ್ನು ಮಾಡಲಾಗದು ಎಂಬುದು ಮೊದಲನೆಯದು. 2023ರ ‘ಬಾಲ್ಡರ್ಸ್ ಗೇಟ್ 3’ ಭಾರಿ ಖರ್ಚಿನ ಆಟವೇ, ಜನ ಅದನ್ನು ತಲೆಮೇಲೆ ಹೊತ್ತರು. ಒಪ್ಪಬೇಕಾದ ಮಾತು. ಆದರೆ ಅದನ್ನು ಮಾಡಿದ ಬೆಲ್ಜಿಯಮ್ಮಿನ ಲೇರಿಯನ್ ಷೇರುಪೇಟೆಯ ಕಂಪನಿಯಲ್ಲ, ತಯಾರಿಸುವವರೇ ಅದನ್ನು ನಡೆಸುತ್ತಾರೆ. ಹಣದ ಜತೆಗೆ ತೀರ್ಮಾನವೂ ಒಂದೇ ಮನೆಯಲ್ಲಿತ್ತು. ಅತ್ತ ಎರಿಕ್ ಬರೋನ್ ಎಂಬುವರು ಒಬ್ಬರೇ ವರ್ಷಗಟ್ಟಲೆ ಕೂತು ಬರೆದು 2016ರಲ್ಲಿ ಹೊರತಂದ ಬೇಸಾಯದ ಆಟ ‘ಸ್ಟಾರ್‌ಡ್ಯೂ ವ್ಯಾಲಿ’ ಕೋಟಿಗಟ್ಟಲೆ ಪ್ರತಿ ಮಾರಾಟವಾಯಿತು. ಗಾತ್ರವೇ ದೋಷವೆಂದು ನಾನು ಹೇಳುತ್ತಿಲ್ಲ. ಆದರೆ ಗಾತ್ರ ಬೆಳೆದಂತೆ ತೀರ್ಮಾನ ಆಟದವರ ಮನೆಯಲ್ಲೇ ಉಳಿಯುವುದು ಅಪರೂಪ.

ಎರಡನೆಯ ಆಕ್ಷೇಪ ಇನ್ನೂ ಮೊನಚು: ಹಳ್ಳಿಯ ನಾಟಕವೂ ಅದದನ್ನೇ ಆಡುತ್ತದಲ್ಲ, ಅದೇ ‘ಕುರುಕ್ಷೇತ್ರ’, ಅದೇ ಮಟ್ಟು? ಹೌದು, ಹೊಸ ಕೃತಿ ಅಪರೂಪ. ಇದನ್ನು ಸೋಮಾರಿತನವೆಂದು ನಗರದ ರಂಗಕರ್ಮಿಗಳು ಹಲವು ಸಲ ಜರೆದಿದ್ದಾರೆ, ಅದರಲ್ಲಿ ನಿಜವೂ ಇದೆ. ಆದರೂ ದೊಡ್ಡ ಕಂಪನಿ ಅದದನ್ನೇ ಮಾಡುವುದು ನಷ್ಟದ ಭಯಕ್ಕೆ. ಹಳ್ಳಿಯಲ್ಲಿ ಕಥೆ ಎಲ್ಲರಿಗೂ ಗೊತ್ತಿರುವುದರಿಂದ ಕಣ್ಣೆಲ್ಲ ಆಡುವವನ ಮೇಲೆ. ಈ ಸಲದ ಕರ್ಣ ಆ ಕಂದವನ್ನು ಎಷ್ಟು ಎಳೆಯಬಲ್ಲ ಎಂಬುದೇ ಕುತೂಹಲ. ಚೆನ್ನಾಗಿ ಹಾಡಿದರೆ ಒನ್ಸ್ ಮೋರ್, ತಪ್ಪಿದರೆ ಸಿಳ್ಳೆ. ತೀರ್ಪು ಹೇಳುವವರು ಪ್ರೇಕ್ಷಕರೇ.

ಪಾರ್ಟು ಮಾರುವ ಪದ್ಧತಿಗೆ ಇರುವ ಕಪ್ಪು ಮುಖವನ್ನು ಮುಚ್ಚುವಂತಿಲ್ಲ. ಹಣವಿದ್ದವನು ದುರ್ಯೋಧನ, ಇಲ್ಲದವನು ದೂತ. ಚೆನ್ನಾಗಿ ಹಾಡುವ ಕೂಲಿಯವನು ಪರದೆಯ ಹಿಂದೆ ಉಳಿದು, ಶ್ರುತಿ ಹಿಡಿಯಲಾರದ ಸಾಹುಕಾರನ ಮಗ ಗದೆ ಎತ್ತುವುದುಂಟು. ಹಣ ತೆತ್ತವರಿಗೆ ಗೆಲುವು ಮಾರುವ ಗೇಮ್‌ಗಳನ್ನು ಬೈಯುವಾಗ ಇದನ್ನೂ ಸೇರಿಸಿ ಬೈಯಬೇಕು. ಹೆಂಗಸರ ವಿಷಯದಲ್ಲಂತೂ ಕಂಪನಿಯೇ ಮುಂದಿತ್ತು. ವೀರಣ್ಣನವರ ರಂಗದಲ್ಲಿ ಬಿ. ಜಯಮ್ಮನಂಥವರು ಸ್ವಂತ ಹೆಸರಿನಿಂದ ಟಿಕೆಟ್ ಮಾರಿಸಬಲ್ಲ ಕಲಾವಿದೆಯರಾಗಿದ್ದರು. ಹಳ್ಳಿಯ ನಾಟಕದಲ್ಲಿ ದ್ರೌಪದಿ, ಕುಂತಿ ಬೇರೆ ಊರಿನಿಂದ ಸಂಭಾವನೆಗೆ ಬಂದು, ಅನೇಕ ಸಲ ತಾಲೀಮಿಲ್ಲದೆ ನೇರ ರಂಗ ಹತ್ತಿ, ಬೆಳಗಾಗುವ ಮೊದಲೇ ಇನ್ನೊಂದು ಊರಿನ ಬಸ್ಸು ಹಿಡಿಯುತ್ತಾರೆ. ಆ ರಾತ್ರಿ ರಂಗದ ಮೇಲೆ ಹಣ ಪಡೆದು ಅಭಿನಯಿಸುವವರು ಹೆಚ್ಚುಕಡಿಮೆ ಅವರಷ್ಟೇ. ಮುಂದಿನ ಸಾಲಿನಲ್ಲಿ ಕೂತು ಪದ್ಯಗಳನ್ನೆಲ್ಲ ಬಾಯಿಪಾಠ ಬಲ್ಲ ಊರಿನ ಹೆಣ್ಣುಮಕ್ಕಳಿಗೆ ಯಾವ ಪಾರ್ಟಿಗೆ ಎಷ್ಟು ಎಂದು ಕೇಳುವ ಅವಕಾಶ ಇನ್ನೂ ಬಹುತೇಕ ಕಡೆ ಬಂದಿಲ್ಲ.